ಶಿವಮೊಗ್ಗದ ವಿಮಾನ ನಿಲ್ದಾಣ ಯಾವ ಸರ್ಕಾರದ್ದು?

ಓದುಗರ ಪ್ರಶ್ನೆ: ಶಿವಮೊಗ್ಗದ ವಿಮಾನ ನಿಲ್ದಾಣ ಸರ್ಕಾರದ್ದು ಅಂತಾರೆ. ಯಾವ ಸರ್ಕಾರದ್ದು, ರಾಜ್ಯದ್ದೋ ಕೇಂದ್ರದ್ದೋ? ಹೊಸ ವಿಮಾನ ಬೇಕು ಅಂದರೆ, ಇರುವುದು ಮಂಜಿನ ನೆಪದಲ್ಲಿ ರದ್ದಾಗದಿರಲಿ ಅಂದರೆ ಯಾರನ್ನು ಕೇಳಬೇಕು?

ಉತ್ತರ: ನಿಲ್ದಾಣ ರಾಜ್ಯದ್ದು. ಆದರೆ ಅದರ ಮೇಲಿನ ಆಕಾಶ ಕೇಂದ್ರದ್ದು, ಅಲ್ಲಿ ಹಾರುವ ವಿಮಾನ ಖಾಸಗಿಯವರದು. ನಿಮ್ಮ ಪ್ರಶ್ನೆಗೆ ಒಂದೇ ಬಾಗಿಲಲ್ಲಿ ಉತ್ತರ ಸಿಗದಿರುವುದು ಇದರಿಂದಲೇ.

ಸೋಗಾನೆಯ ಈ ನಿಲ್ದಾಣವನ್ನು ಕಟ್ಟಿಸಿದ್ದು ರಾಜ್ಯ ಸರ್ಕಾರ, ಲೋಕೋಪಯೋಗಿ ಇಲಾಖೆಯ ಮೂಲಕ. 2023ರ ಫೆಬ್ರುವರಿ 27ರಂದು ಪ್ರಧಾನಿ ಉದ್ಘಾಟಿಸಿದರು, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಉದ್ಘಾಟನೆಗೂ ಮೊದಲ ವಿಮಾನಕ್ಕೂ ನಡುವೆ ಆರು ತಿಂಗಳು! ಕಟ್ಟಡ ಎದ್ದು ನಿಂತ ಮಾತ್ರಕ್ಕೆ ವಿಮಾನ ಇಳಿಯುವುದಿಲ್ಲ ಎಂಬುದು ಆಗಲೇ ಗೊತ್ತಾಗಿತ್ತು.

ಹುಬ್ಬಳ್ಳಿ, ಬೆಳಗಾವಿ, ಮೈಸೂರು ನಿಲ್ದಾಣಗಳನ್ನು ನಡೆಸುವುದು ಕೇಂದ್ರದ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ಕಲಬುರಗಿಯದ್ದನ್ನು ರಾಜ್ಯವೇ ಕಟ್ಟಿಸಿದರೂ ನಡೆಸಲು ಪ್ರಾಧಿಕಾರಕ್ಕೆ ಒಪ್ಪಿಸಿತು. ಮಂಗಳೂರು 2020ರ ಅಕ್ಟೋಬರ್ ಕೊನೆಯಿಂದ 50 ವರ್ಷದ ಗುತ್ತಿಗೆಯಲ್ಲಿ ಅದಾನಿ ಸಮೂಹದ ಕೈಯಲ್ಲಿದೆ. ಬೆಂಗಳೂರಿನದು ಖಾಸಗಿಯವರೇ ಹೆಚ್ಚು ಪಾಲು ಹೊಂದಿರುವ ಕಂಪನಿ. ಶಿವಮೊಗ್ಗದಲ್ಲಿ ಮಾತ್ರ ರಾಜ್ಯ ತಾನೇ ನಡೆಸುತ್ತೇನೆ ಎಂದು ಮುಂದೆ ಬಂತು. ಆ ಕೆಲಸ ಬಿದ್ದದ್ದು ಕೆಎಸ್‌ಐಐಡಿಸಿ ಹೆಗಲಿಗೆ, ಅಂದರೆ ಕರ್ನಾಟಕ ರಾಜ್ಯ ಕೈಗಾರಿಕಾ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮಕ್ಕೆ. 1964ರಲ್ಲಿ ಕೈಗಾರಿಕೆಗಳಿಗೆ ಸಾಲ ಕೊಡಲು, ಬಂಡವಾಳ ಹಾಕಲು ಹುಟ್ಟಿದ ಸಂಸ್ಥೆ ಅದು. ಬೆಂಗಳೂರು ವಿಮಾನ ನಿಲ್ದಾಣದ ಕಂಪನಿಯಲ್ಲಿ ಅದಕ್ಕೆ ಶೇ 13ರಷ್ಟು ಪಾಲಿದೆ ನಿಜ. ಆದರೆ ಪಾಲುದಾರನಾಗಿ ಸಭೆಯಲ್ಲಿ ಕೂರುವುದೇ ಬೇರೆ, ಬೆಳಗಿನ ಜಾವ ರನ್‌ವೇ ಪರೀಕ್ಷೆ ಮಾಡಿಸುವುದೇ ಬೇರೆ.

ನಿಗಮದ ನಿರ್ದೇಶಕರನ್ನು ಸರ್ಕಾರ ನೇಮಿಸುತ್ತದೆ. ಪಾಲಿಕೆಗೋ ಜಿಲ್ಲಾ ಪಂಚಾಯಿತಿಗೋ ನಾವು ಸದಸ್ಯರನ್ನು ಆರಿಸಿ ಕಳಿಸುವಂತೆ ಇಲ್ಲಿಗೆ ಯಾರನ್ನೂ ಕಳಿಸುವುದಿಲ್ಲ. ಪ್ರಾಧಿಕಾರದ ನಿಲ್ದಾಣಗಳಲ್ಲಿ ಸ್ಥಳೀಯ ಸಂಸದರು ಅಧ್ಯಕ್ಷರಾಗಿರುವ ಸಲಹಾ ಸಮಿತಿ ಇರುತ್ತದೆ. ಹೆಸರೇ ಹೇಳುವಂತೆ ಅದು ಸಲಹೆ ಕೊಡಬಹುದು ಅಷ್ಟೆ, ಆದೇಶ ಕೊಡುವ ಹಾಗಿಲ್ಲ. ಕೊಚ್ಚಿಯವರ ದಾರಿ ಬೇರೆ. 1994ರಲ್ಲಿ ಕಂಪನಿ ಕಟ್ಟಿ, ಗಲ್ಫ್‌ನಲ್ಲಿ ದುಡಿಯುವವರಿಂದಲೂ ಷೇರು ಹಣ ಎತ್ತಿದರು, ಮುಖ್ಯಮಂತ್ರಿಯನ್ನೇ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಷೇರು ಇಟ್ಟವರು ವಾರ್ಷಿಕ ಸಭೆಗೆ ಬಂದು ಲೆಕ್ಕ ಕೇಳಬಹುದು. ಶಿವಮೊಗ್ಗದವರಿಗೆ ಅಂಥ ಸಭೆ ಇಲ್ಲ. ಲೆಕ್ಕ ಕೇಳುವ ಜಾಗ ವಿಧಾನಸಭೆ.

ಇನ್ನು ಕೇಂದ್ರದ ಪಾತ್ರ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಿಮಾನಯಾನ ಕೇಂದ್ರ ಪಟ್ಟಿಯಲ್ಲಿದೆ. ಹಾಗಾಗಿ ನಿಲ್ದಾಣ ಯಾರದ್ದೇ ಆಗಿರಲಿ, ಪರವಾನಗಿ ಕೊಡುವುದು ಡಿಜಿಸಿಎ, ಅಂದರೆ ವಿಮಾನಯಾನದ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ನಿರ್ದೇಶನಾಲಯ. ಭದ್ರತೆಯ ನಿಯಮ ಹಾಕುವುದೂ ಕೇಂದ್ರದ್ದೇ ಇನ್ನೊಂದು ಸಂಸ್ಥೆ. 2024ರಲ್ಲಿ ಶಿವಮೊಗ್ಗದ ಪರವಾನಗಿಯನ್ನು ಡಿಜಿಸಿಎ ಅಲ್ಪಾವಧಿಗಷ್ಟೇ ವಿಸ್ತರಿಸಿ, ಮೊದಲು ಲೋಪ ಸರಿಪಡಿಸಿ ಎಂದಿತ್ತು. ರಾಜ್ಯಕ್ಕೆ ಮುಜುಗರವಾಗಿರಬಹುದು. ಪ್ರಯಾಣಿಕರ ದೃಷ್ಟಿಯಿಂದ ನೋಡಿದರೆ ಯಾರೋ ಒಬ್ಬರು ಕಣ್ಣಿಟ್ಟು ನೋಡುತ್ತಿದ್ದಾರೆ ಎಂಬ ಸಮಾಧಾನ ನನಗಂತೂ ಆಯಿತು.

ಮಂಜಿನ ವಿಷಯಕ್ಕೆ ಬರೋಣ. ಅದು ಎಲ್ಲ ಸಲವೂ ನೆಪವಲ್ಲ. ಶಿವಮೊಗ್ಗ ಶುರುವಾದದ್ದು ಹಗಲಿನಲ್ಲಿ, ಪೈಲಟ್ ಕಣ್ಣಿಗೆ ನೆಲ ಕಾಣುವಾಗ ಮಾತ್ರ ಇಳಿಯಬಹುದಾದ ನಿಲ್ದಾಣವಾಗಿ. ಆ ನಿಯಮದಲ್ಲಿ ಸಾಮಾನ್ಯವಾಗಿ 5 ಕಿಲೋಮೀಟರ್ ದೂರದವರೆಗೆ ಕಾಣಿಸಬೇಕು. ಮಲೆನಾಡಿನ ಅಂಚಿನಲ್ಲಿ ಮಳೆಗಾಲದ ಮೋಡಕ್ಕೂ ಚಳಿಗಾಲದ ಇಬ್ಬನಿಗೂ ಈ ಲೆಕ್ಕ ಒಗ್ಗುವುದಿಲ್ಲ. 3,200 ಮೀಟರ್ ರನ್‌ವೇ ಇದ್ದೇನು, ಮೋಡದೊಳಗಿಂದ ದಾರಿ ತೋರಿಸುವ ಉಪಕರಣ ಬೇಕಲ್ಲ! ಅದಕ್ಕೆ ದುಡ್ಡು ಹಾಕಬೇಕಾದವರು ನಿಲ್ದಾಣದ ಒಡೆಯರು, ಅಂದರೆ ರಾಜ್ಯ. ಪರೀಕ್ಷಿಸಿ ಒಪ್ಪಬೇಕಾದವರು ಕೇಂದ್ರದವರು. ಉದ್ದದ ರನ್‌ವೇ ಬಗ್ಗೆ ಭಾಷಣ ಮಾಡಿದಷ್ಟು ಈ ಉಪಕರಣಗಳ ಬಗ್ಗೆ ಮಾಡಿದ್ದರೆ ಚೆನ್ನಾಗಿತ್ತು.

ಹೊಸ ಊರಿಗೆ ವಿಮಾನ ಬೇಕು ಎಂಬ ಬೇಡಿಕೆಯನ್ನು ನಿಲ್ದಾಣದವರ ಮುಂದಿಟ್ಟು ಹೆಚ್ಚು ಉಪಯೋಗವಿಲ್ಲ. ಎಲ್ಲಿಗೆ ಹಾರಬೇಕೆಂದು ತೀರ್ಮಾನಿಸುವುದು ವಿಮಾನ ಕಂಪನಿ, ಅದರ ಲಾಭ ನಷ್ಟ ನೋಡಿಕೊಂಡು. ಸಣ್ಣ ಊರುಗಳಿಗೂ ವಿಮಾನ ಮುಟ್ಟಿಸುವ ಕೇಂದ್ರದ ಉಡಾನ್ ಯೋಜನೆಯಡಿ ಆಯ್ದ ಮಾರ್ಗಗಳ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ. ಬಹುತೇಕ ರಾಜ್ಯಗಳಲ್ಲಿ ಅದರ ಶೇ 20ರಷ್ಟು ಪಾಲು ರಾಜ್ಯದ ಬೊಕ್ಕಸದ್ದು. ಆ ಮೂರು ವರ್ಷ ಮುಗಿದ ಮೇಲೇನು? ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿಯ ಪ್ರಕಾರ ಯೋಜನೆಯ ಮೂರನೇ ಸುತ್ತಿನವರೆಗೆ ದೇಶದಲ್ಲಿ ಹಂಚಿದ 774 ಮಾರ್ಗಗಳಲ್ಲಿ ಶುರುವಾದದ್ದು 371. ಪೂರ್ಣ ಅವಧಿ ಓಡಿದ್ದು 112, ಆಮೇಲೂ ಉಳಿದದ್ದು ಬರೀ 54. ಆದ್ದರಿಂದ ಶಾಸಕರನ್ನು ಕಂಡಾಗ ಕೇಳಬೇಕಾದ ಪ್ರಶ್ನೆ "ಹೊಸ ವಿಮಾನ ಯಾವಾಗ?" ಎಂಬುದಲ್ಲ, "ಸಹಾಯಧನ ಮುಗಿದ ಮೇಲೆ ಈ ಮಾರ್ಗ ಉಳಿಸಲು ಏನು ಮಾಡುತ್ತೀರಿ?" ಎಂಬುದು.

ಟಿಕೆಟ್ ಹಣ ವಾಪಸಾಗಬೇಕಿದ್ದರೆ ವಿಮಾನ ಕಂಪನಿಗೇ ಬರೆಯಿರಿ. ಹವಾಮಾನದಿಂದ ರದ್ದಾದರೆ ಪರಿಹಾರ ಸಿಗುವುದಿಲ್ಲ, ಟಿಕೆಟ್ ಹಣ ಅಥವಾ ಬದಲಿ ವಿಮಾನ ಕೊಡಲೇಬೇಕು. ಕಂಪನಿ ಮಣಿಯದಿದ್ದರೆ ಕೇಂದ್ರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಖಾಸಗಿ ಕಂಪನಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಾಗದು, ನಿಗಮಕ್ಕೆ ಹಾಕಬಹುದು. ರಾತ್ರಿ ಇಳಿಯುವ ವ್ಯವಸ್ಥೆಗೆ ಎಷ್ಟು ಖರ್ಚಾಯಿತು, ಡಿಜಿಸಿಎ ಬರೆದ ಪತ್ರಗಳಲ್ಲಿ ಏನಿದೆ ಎಂದು ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿ. ಅದಕ್ಕಾಗಿ ಸೋಗಾನೆಗೆ ಹೋಗುವುದು ಬೇಡ. ನಿಗಮದ ಕಚೇರಿ ಇರುವುದು ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ಖನಿಜ ಭವನದಲ್ಲಿ.