ಹಬೆಯೊಳಗಿನ ಆಳು: ಅಮೂರ್ತಕ್ಕೂ ಆಕೃತಿಗೂ ನಡುವಿನ ಒಂದು ಕ್ಯಾನ್ವಾಸ್

ಮುಖವೊಂದು ಕಣ್ಣಿಗೆ ಬಿದ್ದ ಸುಮಾರು 170 ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಆರನೇ ಒಂದು ಪಾಲಿನಲ್ಲಿ, ಅದು ಮುಖವೆಂದು ಮಿದುಳಿಗೆ ತಿಳಿದುಹೋಗಿರುತ್ತದೆ. ತಲೆಗೆ ಎಲೆಕ್ಟ್ರೋಡು ಅಂಟಿಸಿ ಅಳೆದರೆ ಆ ಹೊತ್ತಿಗೆ ಒಂದು ವಿದ್ಯುತ್ ಅಲೆ ಕಾಣಿಸಿಕೊಳ್ಳುತ್ತದೆ. ಅಮೂರ್ತಕ್ಕೂ ಆಕೃತಿಗೂ ನಡುವೆ ಕೆಲಸ ಮಾಡುವ ಚಿತ್ರಕಾರರ ಜಟಾಪಟಿಯೆಲ್ಲ ಈ ವೇಗದ ಜೊತೆಗೆ. ಗುರುತು ಸಿಗಲೇಬೇಕು, ಆದರೆ ಬೇಗ ಸಿಗಬಾರದು. ಆ ಒಂದು ಚೂರು ಸೆಕೆಂಡನ್ನು ಹತ್ತು ಸೆಕೆಂಡಿಗೋ ಒಂದು ನಿಮಿಷಕ್ಕೋ ಹೇಗೆ ಎಳೆಯುತ್ತಾರೆ ಎಂಬುದು ಸ್ಫೂರ್ತಿಗಿಂತ ಹೆಚ್ಚಾಗಿ ಕಣ್ಣು, ಮಿದುಳು ಮತ್ತು ಒದ್ದೆ ಬಣ್ಣದ ವಿಚಾರ.

ಸುಲಭದ ಉಪಾಯವೊಂದು ಎಲ್ಲರಿಗೂ ಹೊಳೆಯುತ್ತದೆ. ಮೊದಲು ಮನುಷ್ಯನನ್ನು ಅಚ್ಚುಕಟ್ಟಾಗಿ ಬರೆದು, ಬಣ್ಣ ಹಸಿಯಿರುವಾಗಲೇ ಬಟ್ಟೆಯಲ್ಲೋ ಒಣ ಬ್ರಷ್ಷಿನಲ್ಲೋ ತೀಡಿಬಿಡುವುದು. ಇದು ಕೈಕೊಡುತ್ತದೆ. ಮಿದುಳು ಮೊದಲು ಓದುವುದು ಒರಟು ರೂಪವನ್ನು; ಕೂದಲು, ಗುಂಡಿ, ಬೆರಳಿನ ಗೆರೆಗಳ ಸರದಿ ಆಮೇಲೆ. ತೀಡಿದಾಗ ಅಳಿಯುವುದು ವಿವರ ಮಾತ್ರ. ತಲೆ, ಹೆಗಲು, ಸೊಂಟದ ಒಟ್ಟು ಆಕಾರ ಹಾಗೇ ಉಳಿದು, ನೋಡಿದ ತಕ್ಷಣ ‘ಓ, ಯಾರೋ ನಿಂತಿದ್ದಾರೆ’ ಎನ್ನಿಸಿಬಿಡುತ್ತದೆ. ಸಿಗುವುದು ಫೋಕಸ್ ತಪ್ಪಿದ ಫೋಟೊ, ಅಷ್ಟೇ.

ಸರಿಯಾದ ದಾರಿಯ ಸುಳಿವು 1957ರಷ್ಟು ಹಳೆಯದು. ಕೆನಡಾದ ಮನಶ್ಶಾಸ್ತ್ರಜ್ಞ ಕ್ರೇಗ್ ಮೂನಿ ಮುಖಗಳ ಚಿತ್ರದಿಂದ ನಡುವಣ ಬೂದು ಛಾಯೆಗಳನ್ನೆಲ್ಲ ತೆಗೆದು, ಬರೀ ಅಚ್ಚ ಕಪ್ಪು ಮತ್ತು ಅಚ್ಚ ಬಿಳಿ ಉಳಿಸಿ ಜನರಿಗೆ ತೋರಿಸಿದ. ಅಂಥ ಚಿತ್ರಗಳಲ್ಲಿ ಕೆನ್ನೆಯ ನೆರಳು ಹಿನ್ನೆಲೆಯ ಕಪ್ಪಿನೊಳಕ್ಕೆ ಸೇರಿಹೋಗುತ್ತದೆ, ಹಣೆಯ ಬೆಳಕು ಆಚೆಯ ಬಿಳಿಗೆ ಕೂಡಿಕೊಳ್ಳುತ್ತದೆ. ಮೊದಲಿಗೆ ಕಾಣುವುದು ಮಚ್ಚೆಗಳು. ಸ್ವಲ್ಪ ಹೊತ್ತಿಗೆ ಅವೇ ಮಚ್ಚೆಗಳು ಮುಖವಾಗಿ ಕೂಡುತ್ತವೆ. ಒಮ್ಮೆ ಕೂಡಿದ ಮೇಲೆ ಮತ್ತೆ ಬರೀ ಮಚ್ಚೆಯಾಗಿ ನೋಡುವುದು ಹೆಚ್ಚುಕಡಿಮೆ ಅಸಾಧ್ಯ. ಇಲ್ಲಿ ಮಸುಕು ಮಾಡಿದ್ದು ಏನೂ ಇಲ್ಲ. ಅಂಚುಗಳೆಲ್ಲ ಚೂಪಾಗಿಯೇ ಇವೆ, ಆದರೆ ಅವು ದೇಹದ ಅಂಚುಗಳಲ್ಲ, ನೆರಳಿನ ಅಂಚುಗಳು.

ಅಂಚಿಗೆ ಇಷ್ಟು ಬೆಲೆ ಯಾಕೆಂದರೆ ದೃಷ್ಟಿಯ ಮೊದಲ ಕಚ್ಚಾಸರಕೇ ಅದು. ನರವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್ 1950ರ ದಶಕದ ಕೊನೆಗೆ ಬೆಕ್ಕುಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ, ದೃಷ್ಟಿಯ ಮೊದಲ ಮಜಲಿನ ನರಕೋಶಗಳು ಒಂದೊಂದೂ ಒಂದೊಂದು ಓರೆಯ ಅಂಚಿಗೆ ಮಾತ್ರ ಜೋರಾಗಿ ಸ್ಪಂದಿಸುವುದು ಕಂಡಿತ್ತು. 1981ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಬ್ಬರಿಗೂ ಪಾಲು ಸಿಕ್ಕಿತು. ಹಾಗಾಗಿ ಈ ಬಗೆಯ ಚಿತ್ರಕಾರರು ಆಕೃತಿಯನ್ನು ಬರೆಯುವುದಕ್ಕಿಂತ ಹೆಚ್ಚಾಗಿ ಅಂಚಿನ ಲೆಕ್ಕ ಇಡುತ್ತಾರೆ: ಎಲ್ಲಿ ಕೊಡಬೇಕು, ಎಲ್ಲಿ ನುಂಗಬೇಕು.

ಈ ಲೆಕ್ಕ ಕಲಿಯಲು ಮಂಡ್ಯ ಸೀಮೆಯ ಆಲೆಮನೆ ಹೇಳಿ ಮಾಡಿಸಿದ ಜಾಗ. ತಗ್ಗು ಚಪ್ಪರ, ಒಳಗೆ ಅಗಲ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು, ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ನುಂಗುವ ಒಲೆ, ಹಬೆಯಲ್ಲಿ ಅರ್ಧ ಮುಳುಗಿ ಉದ್ದ ಹಿಡಿಯ ಸೌಟು ಆಡಿಸುವ ಆಳು. ಆಕೃತಿಯನ್ನು ಕರಗಿಸುವ ಕೆಲಸವನ್ನು ಅಲ್ಲಿ ಭೌತವಿಜ್ಞಾನವೇ ಮಾಡಿಕೊಡುತ್ತದೆ. ಹಬೆಯ ನೀರಹನಿಗಳು ಬೆಳಕಿನ ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ, ಆದ್ದರಿಂದ ಬಿಳಿ. ಚದುರಿದ ಈ ಬೆಳಕು ಎಲ್ಲದರ ಮೇಲೂ ಒಂದೇ ಸಮ ಸೇರಿದರೂ ಎದ್ದು ಕಾಣುವುದು ಕಪ್ಪಿನ ಮೇಲೆ. ಆಳಿನ ಕಪ್ಪು ತೋಳು ಬೂದಾಗುತ್ತದೆ, ಬಿಳಿ ಬನಿಯನ್ನು ಹೆಚ್ಚೇನೂ ಬದಲಾಗುವುದಿಲ್ಲ. ಹಬೆ ಮೊದಲು ತಿನ್ನುವುದು ನೆರಳನ್ನು ಎಂಬ ಈ ಒಂದು ಮಾತು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ. ಒಲೆಯ ಹೊಗೆ ಬೇರೆ ಜಾತಿ. ಅದರ ಕಣಗಳು ತೀರ ಸಣ್ಣವಾದ್ದರಿಂದ ನೀಲಿಯನ್ನೇ ಹೆಚ್ಚು ಚದುರಿಸುತ್ತವೆ. ಕತ್ತಲ ಮುಂದೆ ನೀಲಿಯಾಗಿ, ಆಕಾಶದ ಮುಂದೆ ಕಂದಾಗಿ ಕಾಣುತ್ತದೆ.

ಈ ವಸ್ತುವನ್ನು ಮೂರಡಿಗೆ ನಾಲ್ಕಡಿಯ ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್‌ನಲ್ಲಿ ಮಾಡುವುದು ಹೀಗೆ. ಮೊದಲು 3×4 ಇಂಚಿನ ಚೌಕಗಳಲ್ಲಿ ಹತ್ತು ಹದಿನೈದು ಪುಟ್ಟ ಕರಡು, ಬರೀ ಕಪ್ಪು ಮಾರ್ಕರಿನಲ್ಲಿ. ಬೂದು ಬೇಡ, ಗೆರೆಯೂ ಬೇಡ, ಕಪ್ಪು ಮತ್ತು ಕಾಗದದ ಬಿಳಿ ಮಾತ್ರ. ಆಳಿನ ಕಪ್ಪು ಕೊಪ್ಪರಿಗೆಯ ಕಪ್ಪಿಗೋ ಚಪ್ಪರದ ಕಪ್ಪಿಗೋ ಕನಿಷ್ಠ ಎರಡು ಕಡೆ ಕೂಡಿಕೊಂಡಿರುವ ಕರಡು ಮಾತ್ರ ಮುಂದಕ್ಕೆ. ಆಕೃತಿ ಸುತ್ತಲೂ ಬಿಡಿಸಿಕೊಂಡು ಒಂಟಿಯಾಗಿ ನಿಂತಿದ್ದರೆ ಆ ಕರಡನ್ನು ಎತ್ತಿಡಿ. ಆಮೇಲೆ ಎಷ್ಟೇ ಪದರ ಬಳಿದರೂ ಅದು ಕರಗುವುದಿಲ್ಲ.

ಕ್ಯಾನ್ವಾಸಿಗೆ ಜೆಸ್ಸೊ, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಅಸ್ತರು, ಎರಡು ಕೈ, ಒಣಗಿದ ಮೇಲೆ 220ನೇ ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ, ಇದ್ದಿಲಿನ ಗುರುತೊಂದನ್ನೂ ಹಾಕದೆ ನೆಲದ ಮೇಲೆ ಮಲಗಿಸಬೇಕು. ಮೊದಲ ಪದರ ಕಲೆಗಳದು. ರಾ ಅಂಬರ್ ಮತ್ತು ಅಲ್ಟ್ರಾಮರೀನ್ ನೀಲಿ ಸೇರಿ ಒಂದು ಪಾಲು, ಮ್ಯಾಟ್ ಮೀಡಿಯಂ (ಬಣ್ಣಕ್ಕೆ ಬೆರೆಸುವ ಹೊಳಪಿಲ್ಲದ ಅಕ್ರಿಲಿಕ್ ಅಂಟು) ಒಂದು ಪಾಲು, ನೀರು ನಾಲ್ಕು ಪಾಲು. ಇಷ್ಟಗಲಕ್ಕೆ ಟೀ ಲೋಟದಲ್ಲಿ ಒಂದು ಲೋಟ ಸಾಕು. ಮೀಡಿಯಂ ಬಿಟ್ಟು ಬರೀ ನೀರು ಸುರಿದರೆ ಬಣ್ಣವನ್ನು ಹಿಡಿದಿಡುವ ಅಂಟು ತೆಳ್ಳಗಾಗಿ, ಒಣಗಿದ ಮೇಲೂ ಒದ್ದೆ ಬಟ್ಟೆಗೆ ಬಣ್ಣ ಹತ್ತಿಕೊಳ್ಳುತ್ತದೆ. ಮೂಲೆಯಲ್ಲಿ ಉಜ್ಜಿ ನೋಡಿದರೆ ತಿಳಿಯುತ್ತದೆ.

ಈ ಪದರದಲ್ಲಿ ಹವೆಯೂ ಕೈಯಾಡಿಸುತ್ತದೆ. ನಿಂತ ಬಣ್ಣದ ನೀರು ಒಣಗುವಾಗ ಅದರ ಅಂಚಿನಲ್ಲಿ ಆವಿಯಾಗುವಿಕೆ ಜೋರು. ಅಲ್ಲಿ ಕಡಿಮೆಯಾದ ನೀರನ್ನು ತುಂಬಲು ನಡುವಿನ ನೀರು ಹೊರಕ್ಕೆ ಹರಿಯುತ್ತದೆ, ಹರಿಯುವಾಗ ಬಣ್ಣದ ಕಣಗಳನ್ನೂ ಒಯ್ದು ಅಂಚಿನಲ್ಲಿ ಪೇರಿಸುತ್ತದೆ. ಮೇಜಿನ ಮೇಲೆ ಒಣಗಿದ ಕಾಫಿ ಹನಿಯ ಸುತ್ತ ಕಪ್ಪು ಬಳೆ ಮೂಡುವುದೂ ಇದೇ ಕಾರಣಕ್ಕೆ. ಮೈಸೂರಿನ ಮಾರ್ಚ್ ಮಧ್ಯಾಹ್ನ ಫ್ಯಾನ್ ಹಾಕಿಕೊಂಡು ಕುಳಿತರೆ ನಿಮಿಷಗಳಲ್ಲಿ ಕಲೆಗಳಿಗೆಲ್ಲ ಚೂಪು ಅಂಚು ಬಂದು, ಮಿದುಳು ಅವನ್ನು ದೇಹದ ರೇಖೆಯೆಂದು ಓದತೊಡಗುತ್ತದೆ. ಜುಲೈನ ತೇವದಲ್ಲಿ ಅದೇ ಬಣ್ಣ, ಅದೇ ನೀರು, ಆದರೆ ಅಂಚು ಮೆತ್ತಗೆ. ಬೇಕಾದ ಕಡೆ ಬಳೆ ಉಳಿಸಿಕೊಂಡು, ಬೇಡದ ಕಡೆ ಸ್ಪ್ರೇ ಬಾಟಲಿಯಿಂದ ಅಂಚನ್ನು ಒದ್ದೆಯಾಗಿಟ್ಟು ಟಿಶ್ಯೂ ಕಾಗದದಿಂದ ಎತ್ತಬೇಕು. ಗೋಡೆಯ ಕಲೆಗಳನ್ನು ದಿಟ್ಟಿಸಿ ನೋಡಿ, ಅಲ್ಲಿ ಬೆಟ್ಟ, ಯುದ್ಧ, ಮುಖ ಎಲ್ಲ ಸಿಗುತ್ತವೆ ಎಂದು ಲಿಯೊನಾರ್ಡೊ ಚಿತ್ರಕಾರರಿಗೆ ಹೇಳಿದ್ದುಂಟು. ಹುಡುಕುವುದು ಸರಿ, ಆದರೆ ಸಿಕ್ಕಿದ್ದನ್ನೆಲ್ಲ ಇಟ್ಟುಕೊಳ್ಳುವುದು ಅಪಾಯ. ಪಕ್ಕಪಕ್ಕ ಎರಡು ಕಪ್ಪು ಚುಕ್ಕೆ, ಕೆಳಗೊಂದು ಗೀಟು ಬಿತ್ತೆಂದರೆ ಮಿದುಳಿಗೆ ಮುಖ ಕಂಡೇ ಕಾಣುತ್ತದೆ. ಆಳಿನದಲ್ಲದ ಒಂದು ಮುಖ ಹಬೆಯೊಳಗಿಂದ ಇಣುಕಿದರೆ ಚಿತ್ರವೆಲ್ಲ ಅದರ ಪಾಲಾಗುತ್ತದೆ. ಎರಡು ಚುಕ್ಕೆಗಳಲ್ಲಿ ಒಂದನ್ನು ಅಳಿಸಿದರೆ ಸಾಕು.

ಎರಡನೇ ಹಂತದಲ್ಲಿ ಕರಡಿನ ಕಪ್ಪನ್ನು ಕಲೆಗಳ ಮೇಲೆ ಕೂರಿಸುವುದು. ಅಚ್ಚ ಕಪ್ಪು ಟ್ಯೂಬಿನಿಂದ ಬೇಡ. ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಹೆಚ್ಚುಕಡಿಮೆ ಸಮ ಬೆರೆಸಿದರೆ ಬೇಕಾದಂತೆ ಬಿಸಿಗೋ ತಂಪಿಗೋ ಎಳೆಯಬಹುದಾದ ಕಪ್ಪು ಸಿಗುತ್ತದೆ. ಕಪ್ಪಿನಿಂದ ಬಿಳಿಗೆ ಒಂಬತ್ತು ಮೆಟ್ಟಿಲು ಎಂದಿಟ್ಟುಕೊಂಡರೆ, ಆಳಿಗೂ ಹಿನ್ನೆಲೆಗೂ ಹೆಚ್ಚಿನ ಕಡೆ ಅರ್ಧ ಮೆಟ್ಟಿಲಿಗಿಂತ ಹೆಚ್ಚು ಅಂತರ ಇರಬಾರದು. ಇಡೀ ಮೈಯ ಸುತ್ತಳತೆಯಲ್ಲಿ ಐದರಲ್ಲೊಂದು ಪಾಲಿಗೆ ಮಾತ್ರ ಮೂರು ನಾಲ್ಕು ಮೆಟ್ಟಿಲಿನ ಚೂಪು ಅಂಚು. ಎಲ್ಲಿ? ಸೌಟು ಹಿಡಿದ ಮೊಣಕೈ, ತಲೆಗೆ ಸುತ್ತಿದ ಟವೆಲ್ಲಿನ ಒಂದು ಮಗ್ಗುಲು. ಇವೆರಡರ ಜಾಗವೇ ತಡಮಾಡುವ ತಿರುಪು. ತುಂಡಾದ ಎರಡು ಅಂಚುಗಳು ಒಂದೇ ಬಾಗಿನಲ್ಲಿ ಸಾಗುತ್ತಿದ್ದರೆ ಮಿದುಳು ನಡುವಿನ ಖಾಲಿಯನ್ನು ತಾನೇ ತುಂಬಿ ಆಕೃತಿ ಕೂಡಿಸಿಬಿಡುತ್ತದೆ. ಒಂದನ್ನು ಎರಡು ಇಂಚು ಜರುಗಿಸಿದರೆ ಆ ಜೋಡಣೆ ತಪ್ಪಿ, ನೋಡುವವರು ಬೇರೆ ಸುಳಿವಿಗೆ ತಡಕಾಡಬೇಕಾಗುತ್ತದೆ.

ಮೈಸೂರಿನಲ್ಲಿ ಸಾಂಪ್ರದಾಯಿಕ ಶೈಲಿ ಕಲಿತು ಬಂದವರಿಗೆ ಈ ಹಂತವೇ ಕಷ್ಟ. ಅಲ್ಲಿ ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ಮೊದಲೇ ಪೂರ್ತಿ ರೇಖೆ ಕೂರಿಸಿ, ಮಕ್ಕಿ ಸಫೇದ ಎಂಬ ಸರಿಯಲ್ಲಿ ಉಬ್ಬು ತೆಗೆದು, ಚಿನ್ನದ ಹಾಳೆ ಹಚ್ಚುತ್ತಾರೆ. ದೇವತೆ ಯಾರು, ಕೈಯಲ್ಲಿ ಏನು ಎಂಬುದು ಆರಂಭದಲ್ಲೇ ತೀರ್ಮಾನ. ಅಂಚು ಒಂದೂ ಸಡಿಲವಿಲ್ಲ. ಆ ಕೈಯ ಗೆರೆ ಎಷ್ಟು ಚೆಂದವೋ ಇಲ್ಲಿ ಅಷ್ಟೇ ತೊಡಕು. ಇಂಥವರು ಜಗನ್ಮೋಹನ ಅರಮನೆಗೆ ಹೋಗಿ ಚಿತ್ರಕಾರ ಹಲ್ದಂಕರರ ದೀಪ ಹಿಡಿದ ಹೆಂಗಸಿನ ಜಲವರ್ಣದ ಮುಂದೆ ಒಂದಷ್ಟು ಹೊತ್ತು ನಿಲ್ಲುವುದು ಒಳ್ಳೆಯದು. ಅದು ಅಮೂರ್ತದ ಹತ್ತಿರವೂ ಸುಳಿಯದ ಚಿತ್ರ. ಆದರೂ ಬೆರಳ ಸಂದಿಯ ಆ ಕೆಂಪು ಬೆಳಕು ಮೂಡಿರುವುದು ಗೆರೆಯಿಂದಲ್ಲ, ಅಕ್ಕಪಕ್ಕದ ಛಾಯೆಗಳ ಅಂತರದಿಂದ. ಬಿಳಿ ಬಣ್ಣ ಮರಳಿಸುವುದು ಬಿದ್ದ ಬೆಳಕಿನ ಸುಮಾರು 90 ಶೇಕಡಾ, ಕಪ್ಪು ನಾಲ್ಕೈದು ಶೇಕಡಾ; ಅಂದರೆ ಚಿತ್ರಕಾರರ ಕೈಲಿರುವುದು ಇಪ್ಪತ್ತು ಪಟ್ಟಿನ ಅಂತರ ಮಾತ್ರ. ನಿಜದ ದೀಪಕ್ಕೂ ಕೋಣೆಯ ಮೂಲೆಯ ಕತ್ತಲಿಗೂ ಇರುವ ಅಂತರ ಸಾವಿರ ಪಟ್ಟು ದಾಟಬಹುದು. ಬೆಳಕನ್ನು ನಕಲು ಮಾಡಲಾಗದು, ಅನುಪಾತವನ್ನು ಮಾಡಬಹುದು.

ಮೂರನೆಯದು ಹಬೆ. ಟೈಟೇನಿಯಂ ಬಿಳಿ ಒಂದು ಪಾಲಿಗೆ ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ತೆಳು ಪಾರದರ್ಶಕ ಪದರವಾಗಿಸುವ ಅಂಟು) ನಾಲ್ಕು ಪಾಲು, ಅಗಲವಾದ ಬ್ರಷ್ಷಿನಲ್ಲಿ ತೆಳ್ಳಗೆ, ಪದರದಿಂದ ಪದರಕ್ಕೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು, ಎರಡು ಮೂರು ಸಲ. ಕಪ್ಪಿನ ಮೇಲೆ ತೆಳು ಬಿಳಿ ಎಳೆದರೆ ನೀಲಿ ಛಾಯೆ ಬರುತ್ತದೆ, ಹೊಗೆ ನೀಲಿಯಾಗಿ ಕಾಣುವುದಕ್ಕೂ ಇದೇ ಕಾರಣ. ಹೊಗೆ ಬೇಕಾದ ಕಡೆ ಹಾಗೇ ಬಿಡಿ. ಹಬೆ ಬೇಕೆಂದರೆ ಬಿಳಿಗೆ ಚಿಟಿಕೆ ಯೆಲ್ಲೊ ಓಕರ್ ಸೇರಿಸಿ. ಇಲ್ಲೊಂದು ಮೋಸವಿದೆ. ಅಕ್ರಿಲಿಕ್‌ನ ಅಂಟು ಹಸಿಯಿದ್ದಾಗ ಹಾಲಿನಂತೆ ಬಿಳಿ, ಒಣಗಿದರೆ ಪಾರದರ್ಶಕ. ಹಾಗಾಗಿ ಬಣ್ಣ ಒಣಗುತ್ತ ಗಾಢವಾಗುತ್ತದೆ. ಅರ್ಧ ಮೆಟ್ಟಿಲಿನ ಲೆಕ್ಕದಲ್ಲಿ ಕೆಲಸ ಮಾಡುವಾಗ ಇದು ಸಣ್ಣ ವಿಷಯವಲ್ಲ. ಸಂಜೆ ಕಾಣದಿದ್ದ ತೋಳು ಬೆಳಿಗ್ಗೆ ಎದ್ದು ಕಾಣುತ್ತದೆ. ಬೆರೆಸಿದ ಪ್ರತಿ ಬಣ್ಣವನ್ನೂ ಜೆಸ್ಸೊ ಬಳಿದ ಕಾಗದದ ಪಟ್ಟಿಯ ಮೇಲೆ ಹಚ್ಚಿ, ಹೇರ್ ಡ್ರೈಯರ್‌ನಲ್ಲಿ ಒಣಗಿಸಿ ನೋಡಿದ ಮೇಲೆಯೇ ಕ್ಯಾನ್ವಾಸಿಗೆ.

ಒಲೆಯ ಬೆಂಕಿಗೆ ಕೆಂಪು ಕಿತ್ತಳೆಯನ್ನು ಸುತ್ತಲಿನ ಬೂದಿನಷ್ಟೇ ಛಾಯೆಗೆ, ಅಂದರೆ ಅದೇ ಕಪ್ಪುಬಿಳುಪಿನ ಮೆಟ್ಟಿಲಿಗೆ, ಇಳಿಸಬೇಕು. ಫ್ರೆಂಚ್ ಚಿತ್ರಕಾರ ಮೊನೆ 1872ರಲ್ಲಿ ಬರೆದ ಮಂಜಿನ ಬಂದರಿನ ಸೂರ್ಯ ಹೀಗೇ. ಚಿತ್ರವನ್ನು ಕಪ್ಪುಬಿಳುಪು ಮಾಡಿದರೆ ಸೂರ್ಯ ಆಕಾಶದಲ್ಲಿ ಬಹುಮಟ್ಟಿಗೆ ಮಾಯ. ಛಾಯೆಯ ಅಂತರವಿಲ್ಲದೆ ಬರೀ ಬಣ್ಣದ ಅಂತರವಿದ್ದಾಗ ಕಣ್ಣಿಗೆ ಅದರ ಜಾಗ ಗಟ್ಟಿಯಾಗಿ ಸಿಗದೆ, ಅದು ಮಿನುಗಿದಂತೆ ಕಾಣುತ್ತದೆ. ಫೋನಿನಲ್ಲಿ ಫೋಟೊ ತೆಗೆದು ಬಣ್ಣ ಕಳೆದರೆ ಸುಮಾರಾಗಿ ತಿಳಿಯುತ್ತದೆ, ಕೆಂಪಿನ ವಿಷಯದಲ್ಲಿ ಮಾತ್ರ ಫೋನನ್ನು ಪೂರ್ತಿ ನಂಬಬಾರದು.

ಚಿತ್ರ ಕೆಡುವುದು ಹೆಚ್ಚಾಗಿ ಕೈಯಳತೆಯ ದೂರದಲ್ಲಿ. ನಮ್ಮ ಕಣ್ಣು ಚೂಪಾಗಿ ನೋಡುವುದು ಸುಮಾರು ಎರಡು ಡಿಗ್ರಿಯಷ್ಟು ಜಾಗವನ್ನು ಮಾತ್ರ. ಎರಡಡಿ ದೂರದಿಂದ ಅದು ಕ್ಯಾನ್ವಾಸಿನ ಮೇಲೆ ಎರಡು ಸೆಂಟಿಮೀಟರ್, ಹತ್ತಡಿಯಿಂದ ಹತ್ತು ಸೆಂಟಿಮೀಟರ್. ಹತ್ತಿರ ಕುಳಿತವರು ಪ್ರತಿ ಎರಡು ಸೆಂಟಿಮೀಟರನ್ನೂ ಸರಿಮಾಡುತ್ತ ಹೋಗಿ, ಬೆರಳು, ಮೂಗು, ಟವೆಲ್ಲಿನ ಪಟ್ಟೆ ಎಲ್ಲ ಸೇರಿಸಿ ಕೊನೆಗೆ ಆಳನ್ನು ಪೂರ್ತಿ ಹೊರಗೆಳೆದಿರುತ್ತಾರೆ. ಮಾರುದ್ದದ ಹಿಡಿಗೆ ಬ್ರಷ್ ಕಟ್ಟಿಕೊಳ್ಳುವುದು, ಹತ್ತು ನಿಮಿಷಕ್ಕೊಮ್ಮೆ ಹತ್ತಡಿ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿ ನೋಡುವುದು ಇದಕ್ಕೇ. ಕ್ಯಾನ್ವಾಸನ್ನು ತಲೆಕೆಳಗು ಮಾಡುವುದೂ ಉಪಯೋಗಕ್ಕೆ ಬರುತ್ತದೆ. ಮುಖ ತಲೆಕೆಳಗಾದರೆ ಗುರುತಿಸುವ ಸಾಮರ್ಥ್ಯ ಬೇರೆ ವಸ್ತುಗಳಿಗಿಂತ ಹೆಚ್ಚು ಕುಸಿಯುತ್ತದೆ ಎಂದು ಮನಶ್ಶಾಸ್ತ್ರದ ಸಂಶೋಧಕ ರಾಬರ್ಟ್ ಯಿನ್ 1969ರಲ್ಲೇ ತೋರಿಸಿದ್ದ. ಹಾಗೆ ತಿರುಗಿಸಿದ ಮೇಲೂ ಆಳು ಥಟ್ಟನೆ ಕಾಣುತ್ತಿದ್ದರೆ ಆಕಾರದ ಸುತ್ತಿನ ಅಂಚು ಇನ್ನೂ ಕಡಿಯದೆ ಕೂಡಿಕೊಂಡೇ ಇದೆ ಎಂದರ್ಥ. ಮತ್ತೊಂದು ಕಡೆ ಅಂಚು ನುಂಗಬೇಕು.

ಇಷ್ಟೆಲ್ಲ ಆದರೂ ಬರೆದವರಿಗೆ ತಮ್ಮ ಚಿತ್ರವನ್ನು ತೂಗಲು ಆಗುವುದಿಲ್ಲ. ಆಳು ಎಲ್ಲಿದ್ದಾನೆಂದು ಅವರಿಗೆ ಗೊತ್ತು, ಗೊತ್ತಿದ್ದ ಮೇಲೆ ಕಾಣದಿರುವುದಿಲ್ಲ. ಏನೂ ಗೊತ್ತಿಲ್ಲದವರನ್ನು ಕರೆಸಿ, ಐದು ಸೆಕೆಂಡು ತೋರಿಸಿ, ಬಟ್ಟೆ ಮುಚ್ಚಿ ಕೇಳಬೇಕು. ‘ಮನುಷ್ಯ ಕಾಣಿಸಿದನಾ?’ ಎಂದು ಕೇಳಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು. ‘ಏನೇನಿತ್ತು?’ ಎಂದಷ್ಟೇ ಸಾಕು. ಮದ್ದೂರು, ಪಾಂಡವಪುರದ ಕಡೆಯವರಿಗೆ ಅಗಲ ಕಪ್ಪು ಬಟ್ಟಲು ಮತ್ತು ಬಿಳಿ ಹಬೆ ಕಂಡರೆ ಆಲೆಮನೆ ಹೊಳೆದು, ಹೊಳೆದ ಕೂಡಲೇ ಸೌಟು ಹಿಡಿದವನನ್ನು ಕಣ್ಣು ತಾನೇ ಹುಡುಕುತ್ತದೆ. ಆಲೆಮನೆ ಕಾಣದವರಿಗೆ ಅದೇ ಚಿತ್ರ ಬಹಳ ಹೊತ್ತು ಅಮೂರ್ತವಾಗಿಯೇ ಇರುತ್ತದೆ. ಪಕ್ಕದ ಚೀಟಿಯಲ್ಲಿ ‘ಆಲೆಮನೆ’ ಎಂದು ಬರೆದುಬಿಟ್ಟರೆ ಈ ವ್ಯತ್ಯಾಸ ಬಹುಪಾಲು ಅಳಿಯುತ್ತದೆ. ಹೆಸರಿಡುವುದನ್ನು ಪ್ರದರ್ಶನದ ಹಿಂದಿನ ದಿನಕ್ಕೆ ಬಿಡುವವರು ಇದನ್ನು ಗಮನಿಸಬೇಕು.

ಕೊನೆಗೆ ವಾರ್ನಿಶ್. ಎಷ್ಟೋ ಚಿತ್ರಗಳು ಹದ ಕೆಡುವುದು ಇಲ್ಲಿ. ಹೊಳಪಿನ ವಾರ್ನಿಶ್ ಮೇಲ್ಮೈಯಲ್ಲಿ ಚದುರುತ್ತಿದ್ದ ಬೆಳಕನ್ನು ತಗ್ಗಿಸುವುದರಿಂದ ಕಪ್ಪುಗಳು ಇನ್ನಷ್ಟು ಆಳವಾಗಿ, ಅವುಗಳ ನಡುವೆ ಮುಚ್ಚಿಹೋಗಿದ್ದ ಅರ್ಧ ಮೆಟ್ಟಿಲಿನ ಅಂತರ ಬಿಚ್ಚಿಕೊಳ್ಳುತ್ತದೆ. ಕೊಪ್ಪರಿಗೆಗೆ ಕೂಡಿಸಿದ್ದ ಸೊಂಟ ಮತ್ತೆ ಬೇರೆಯಾಗುತ್ತದೆ. ಮ್ಯಾಟ್ ವಾರ್ನಿಶ್ ಇದಕ್ಕೆ ತಿರುಗುಮುರುಗು. ಅದರಲ್ಲಿನ ಸಣ್ಣ ಕಣಗಳು ಬೆಳಕನ್ನು ಚದುರಿಸಿ ಕಪ್ಪನ್ನು ಬೂದಿಗೆ ಎತ್ತುತ್ತವೆ, ಹಬೆಯ ಒಂದು ಪದರ ಹೆಚ್ಚಾದಂತೆ. ಆಯ್ಕೆ ಯಾವುದೇ ಇರಲಿ, ಕೆಲಸ ಆರಂಭಿಸುವಾಗಲೇ ಅದು ತೀರ್ಮಾನವಾಗಿರಬೇಕು, ಬಣ್ಣ ನೋಡಿದ ಕಾಗದದ ಪಟ್ಟಿಯ ಮೇಲೂ ಅದೇ ವಾರ್ನಿಶ್ ಒಂದು ಕೈ ಬಿದ್ದಿರಬೇಕು.