ಗುಡಿಗೆ ಸಿಗುವ ದುಡ್ಡು ದಿಬ್ಬಕ್ಕೆ ಯಾಕೆ ಸಿಗಲ್ಲ?

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಕಡೆಯ ಹಾಳೂರ ದಿಬ್ಬಗಳ ಹತ್ತಿರ ಒಂದು ಸುತ್ತು ಹಾಕಿ. ಉಳುಮೆ ಸಾಲಿನಲ್ಲಿ ಮಡಕೆ ಚೂರುಗಳು ಎದ್ದಿರುತ್ತವೆ. ಒಳಗೆ ಕಪ್ಪು, ಹೊರಗೆ ಕೆಂಪು, ಹೆಬ್ಬೆರಳಿಂದ ಮಣ್ಣು ಒರೆಸಿದರೆ ಇನ್ನೂ ಹೊಳಪು ಕಾಣುತ್ತದೆ. ನಮ್ಮ ಕಡೆ ಇವನ್ನು ಬೋಕಿ ಅಂತೀವಿ. ಪುರಾತತ್ವದವರಿಗೆ ಇದು ಎರಡು ಸಾವಿರ ವರ್ಷಕ್ಕೂ ಹಿಂದಿನ ಊರಿನ ಗುರುತು. ಅದನ್ನು ಅಗೆದು ಓದೋಕೆ ದುಡ್ಡು ಎಲ್ಲಿಂದ ಬರಬೇಕು ಅನ್ನೋದೇ ಈಗ ಬಿಡಿಸಲಾಗದ ಗಂಟು.

ಮೊದಲು ಹೀಗಿರಲಿಲ್ಲ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇದೇ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನ ಪತ್ತೆ ಮಾಡಿದಾಗ ಹಿಂದೆ ಇದ್ದದ್ದು ಮೈಸೂರು ಸಂಸ್ಥಾನದ ಖಜಾನೆ. ಡಾ. ಎಂ.ಎಚ್. ಕೃಷ್ಣ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ, ಬ್ರಹ್ಮಗಿರಿ ಎರಡನ್ನೂ ಅಗೆಸಿದ್ದು ಅದೇ ಸಂಸ್ಥಾನದ ಪುರಾತತ್ವ ಇಲಾಖೆಯಿಂದ. 1947ರಲ್ಲಿ ಕೇಂದ್ರದ ಪುರಾತತ್ವ ಇಲಾಖೆಯ (ಎಎಸ್‌ಐ) ಆಗಿನ ಮುಖ್ಯಸ್ಥ ಮಾರ್ಟಿಮರ್ ವೀಲರ್ ಬಂದರು. ಬ್ರಹ್ಮಗಿರಿಯಲ್ಲಿ ಕಲ್ಲಿನ ಕೊಡಲಿಯ ಕಾಲ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲ, ಅದರ ಮೇಲೆ ಶಾತವಾಹನರ ಕಾಲ ಅಂತ ಪದರ ಪದರವಾಗಿ ತೋರಿಸಿದರು. ದಕ್ಷಿಣ ಭಾರತದ ಹಳೆಯ ಕಾಲಕ್ಕೆ ಲೆಕ್ಕ ಸಿಕ್ಕಿದ್ದು ಬಹುಮಟ್ಟಿಗೆ ಅಲ್ಲಿಂದ. ಚಂದ್ರವಳ್ಳಿಯಲ್ಲಂತೂ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ! ವರದಿ ಕೂಡ ತಡವಾಗದೆ ಎಎಸ್‌ಐನ ಸ್ವಂತ ಪತ್ರಿಕೆಯಲ್ಲೇ ಅಚ್ಚಾಯಿತು. ಅಗೆತ, ಅಳತೆ, ವರದಿ ಎಲ್ಲ ಒಂದೇ ಕೆಲಸ ಅಂತ ನೋಡುತ್ತಿದ್ದ ಕಾಲ ಅದು.

ಆಮೇಲೆ ಕಾಯ್ದೆಗಳು ಬಂದವು, 1958ರಲ್ಲಿ ಕೇಂದ್ರದ್ದು, 1961ರಲ್ಲಿ ರಾಜ್ಯದ್ದು. ಸಂರಕ್ಷಿತ ಜಾಗಗಳ ಎರಡು ಪಟ್ಟಿ ಆಯಿತು. ಎರಡರಲ್ಲೂ ಇಲ್ಲದ ದಿಬ್ಬಕ್ಕೆ ಕಾವಲೂ ಇಲ್ಲ, ಬಜೆಟ್ಟೂ ಇಲ್ಲ. ಪಟ್ಟಿಯಲ್ಲಿದ್ದರೂ ಗಡಿ ಬದಲಾದಾಗ ಕಡತ ಓಡಾಡುತ್ತದೆ: ಉಚ್ಚಂಗಿದುರ್ಗ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಬಂತು, ಆಮೇಲೆ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ.

ನಿಜವಾದ ಗೋಜಲು ಶುರುವಾಗಿದ್ದು 1996ರಿಂದ ಈಚೆಗೆ. ಆ ವರ್ಷ ರಾಷ್ಟ್ರೀಯ ಸಂಸ್ಕೃತಿ ನಿಧಿ ಬಂತು. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಇಡಬೇಕಾಯಿತು. ಆ ಕೆಲಸಗಳ ಪಟ್ಟಿಯಲ್ಲಿ ಐತಿಹಾಸಿಕ ಕಟ್ಟಡ, ಸ್ಥಳಗಳ ದುರಸ್ತಿಯೂ ಇದೆ. 2017ರಲ್ಲಿ ಸ್ಮಾರಕ ದತ್ತು ಯೋಜನೆ. ಕೇಳೋಕೆ ಎಲ್ಲ ಚೆನ್ನಾಗಿದೆ. ಆದರೆ ಈ ದುಡ್ಡು ಹೋಗೋದು ಎಲ್ಲಿಗೆ ಅಂತ ನೋಡಿ. ದತ್ತು ಯೋಜನೆಯಲ್ಲಿ ಹೆಚ್ಚಾಗಿ ಶೌಚಾಲಯ, ಕುಡಿಯುವ ನೀರು, ಫಲಕ, ದೀಪ. ಸಂತೇಬೆನ್ನೂರಿನ ಪುಷ್ಕರಿಣಿಯಂಥ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು, ಫೋಟೊ ಚೆಂದ ಬರುತ್ತೆ, ಜನ ಬರ್ತಾರೆ. 1224ರ ಹರಿಹರೇಶ್ವರ ಗುಡಿಯನ್ನೂ ದಾನಿಗೆ ಕರೆದುಕೊಂಡು ಹೋಗಿ ತೋರಿಸಬಹುದು. ಹೊಲದ ನಡುವಿನ ಬೂದಿ ಬಣ್ಣದ ದಿಬ್ಬದಲ್ಲಿ ಏನಂತ ತೋರಿಸೋದು? ಇಲ್ಲಿ ದಾನಿಯ ತಪ್ಪು ಅಂತ ನಾನು ಹೇಳಲಾರೆ. ಯೋಜನೆಗಳ ಅರ್ಜಿಯೇ ನಿಂತಿರುವ ಕಲ್ಲನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದು.

ಸಂಶೋಧನೆಗೆ ದಾರಿ ಇನ್ನೂ ಕಿರಿದು. ಅಗೆಯೋಕೆ ಎಎಸ್‌ಐ ಪರವಾನಗಿ ಬೇಕು. ಆ ಅರ್ಜಿಯಲ್ಲೇ ಖರ್ಚೆಷ್ಟು, ಹಣ ಎಲ್ಲಿಂದ ಅಂತ ಬರೆಯಬೇಕು. ಹಣ ಕೊಡುವವರು ಪರವಾನಗಿ ಇದೆಯಾ ಅಂತ ಕೇಳಿದರೆ ಅಧ್ಯಾಪಕರು ಎರಡು ಬಾಗಿಲ ನಡುವೆ ನಿಲ್ಲಬೇಕು, ಅಷ್ಟರಲ್ಲಿ ಒಂದು ಬೇಸಿಗೆ ಕಳೆದಿರುತ್ತೆ. ಭಾರತೀಯ ಇತಿಹಾಸ ಸಂಶೋಧನಾ ಮಂಡಳಿಯ (ಐಸಿಎಚ್‌ಆರ್) ಅನುದಾನವಿದೆ, ಅದನ್ನು ಇತಿಹಾಸದ ಎಲ್ಲ ವಿಷಯದವರೂ ಹಂಚಿಕೊಳ್ಳಬೇಕು. ವೆನ್ನರ್-ಗ್ರೆನ್ ಥರದ ವಿದೇಶಿ ಪ್ರತಿಷ್ಠಾನಗಳೂ ಇವೆ. ಆದರೆ ಇಲ್ಲಿನ ಸಣ್ಣ ಸಂಘವೊಂದು ವಿದೇಶಿ ಹಣ ಪಡೆಯಬೇಕಾದರೆ ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಬೇಕು, 2020ರ ತಿದ್ದುಪಡಿ ಆದ ಮೇಲೆ ಆ ಹಣ ದೆಹಲಿಯ ಒಂದೇ ಎಸ್‌ಬಿಐ ಶಾಖೆಯ ಖಾತೆಗೆ ಬರಬೇಕು, ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ.

ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿಯ 2013ರ ವರದಿಯ ಒಂದು ಸಾಲು ನನ್ನ ತಲೆಯಿಂದ ಹೋಗೋದೇ ಇಲ್ಲ. ಎಎಸ್‌ಐನ ಒಟ್ಟು ಖರ್ಚಿನಲ್ಲಿ ಶೋಧ ಮತ್ತು ಅಗೆತಕ್ಕೆ ಹೋಗುತ್ತಿದ್ದದ್ದು ಶೇ. 1ಕ್ಕಿಂತ ಕಡಿಮೆ. ದೇಶದ ದೊಡ್ಡ ಸಂಸ್ಥೆಯದ್ದೇ ಹೀಗಾದರೆ ಜಿಲ್ಲೆಯ ಕಾಲೇಜಿನ ಪಾಡು ಹೇಳಬೇಕಾ?

ಚಿತ್ರದುರ್ಗ ಗಣಿ ಜಿಲ್ಲೆ ಅಲ್ವಾ, ಗಣಿಯವರು ದುಡ್ಡು ಕಟ್ಟುವ ಜಿಲ್ಲಾ ಖನಿಜ ನಿಧಿ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. 2015ರಿಂದ ಇದೆ. ಅದರಲ್ಲಿ ಮೊದಲ ಸಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ. ಬರದ ಸೀಮೆಯಲ್ಲಿ ಅದಕ್ಕೆ ಯಾರೂ ಬೇಡ ಅನ್ನೋಕಾಗಲ್ಲ.

ಹಾಗಾಗಿ ಈಗ ಮಾಡಬಹುದಾದ ಸಣ್ಣ ಕೆಲಸ ಒಂದಿದೆ: ದಿಬ್ಬವನ್ನು ದಾಖಲೆಗೆ ತರೋದು. ಸಂರಕ್ಷಿತ ಅಂತ ಘೋಷಿಸೋಕೆ ಕೇಂದ್ರದ ಕಾಯ್ದೆಯಲ್ಲಿ ಎರಡು ತಿಂಗಳ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು. ಅದಕ್ಕೂ ಮೊದಲು ಆ ಜಾಗದ ಅಳತೆ, ಫೋಟೊ, ಸರ್ವೆ ನಂಬರ್ ಬೇಕು. ಇಷ್ಟಕ್ಕೆ ಗುದ್ದಲಿಯೂ ಬೇಡ, ಅಗೆತದ ಪರವಾನಗಿಯೂ ಬೇಡ. ಒಂದು ಬೈಕು, ಮೊಬೈಲು, ಪಹಣಿ ಓದಬಲ್ಲ ಒಬ್ಬರು, ಹೊಲದವರ ಒಪ್ಪಿಗೆ ಸಾಕು. ಈ ಕೆಲಸಕ್ಕೆ ಪೆಟ್ರೋಲು ಖರ್ಚು ಕೊಡುವ ಯೋಜನೆಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿತ್ತನೆ ಮಾತ್ರ ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ ಆಗುತ್ತದೆ, ಟ್ರ್ಯಾಕ್ಟರ್ ಪ್ರತಿ ಸಲ ಇನ್ನೊಂದಿಷ್ಟು ಬೋಕಿ ಮೇಲೆತ್ತುತ್ತದೆ.