ಹೆಂಗಸರು ಸಭೆಯಲ್ಲಿ ಪ್ರಸಂಗ (ಪ್ರವಚನ) ಮಾಡಬಹುದಾ?

ಪ್ರಶ್ನೆ: ಹೆಂಗಸರು ಸಭೆಯಲ್ಲಿ, ಅಂದ್ರೆ ಚರ್ಚಿನಲ್ಲಿ, ಮೌನವಾಗಿರಬೇಕು ಅಂತ ಬೈಬಲಿನಲ್ಲೇ ಇದೆ. ಆದರೂ ಸಿಎಸ್‌ಐನಲ್ಲಿ (ಚರ್ಚ್ ಆಫ್ ಸೌತ್ ಇಂಡಿಯಾ) ಹೆಂಗಸರು ಪಾಸ್ಟರ್ ಆಗಿದ್ದಾರೆ. ಕ್ಯಾಥೊಲಿಕರು ಮತ್ತು ಬೇರೆ ಕೆಲವು ಸಭೆಗಳು ಒಪ್ಪುವುದೇ ಇಲ್ಲ. ಬೈಬಲ್ ಒಂದೇ ಅಲ್ವಾ? ಯಾರು ಸರಿ?

ಉತ್ತರ: ಕ್ಯಾಥೊಲಿಕ್ ಬೈಬಲಿನಲ್ಲಿ ಕೆಲವು ಪುಸ್ತಕ ಜಾಸ್ತಿ ಇವೆ. ಆದರೆ ಈ ಜಗಳಕ್ಕೂ ಅವಕ್ಕೂ ಸಂಬಂಧವಿಲ್ಲ. ಜಗಳವೆಲ್ಲ ಅಪೊಸ್ತಲ ಪೌಲ ಮೊದಲ ಕಾಲದ ಸಭೆಗಳಿಗೆ ಬರೆದ, ಬೈಬಲಿನಲ್ಲಿರುವ ಪತ್ರಗಳ ನಾಲ್ಕಾರು ವಚನಗಳದ್ದು.

ನೀವು ಹೇಳುವ ಮಾತು 1 ಕೊರಿಂಥ 14:34ರಲ್ಲಿದೆ. ಅದೇ ಪತ್ರದ 11ನೇ ಅಧ್ಯಾಯ ತೆಗೆಯಿರಿ. ಪ್ರಾರ್ಥನೆ ಮಾಡುವ, ಪ್ರವಾದಿಸುವ (ದೇವರ ಮಾತು ಸಾರುವ) ಹೆಂಗಸು ತಲೆಗೆ ಮುಸುಕು ಹಾಕಿಕೊಳ್ಳಬೇಕು ಎಂದು ಅಲ್ಲಿ ಬರೆದಿದ್ದಾನೆ. ಬಾಯಿ ತೆರೆಯಲೇಬಾರದು ಎಂದಿದ್ದರೆ ಮುಸುಕಿನ ಮಾತು ಯಾಕೆ ಬೇಕಿತ್ತು? ಬ್ರದರನ್ ಸಭೆಗಳು ಈ ವಿಷಯದಲ್ಲಿ ಕಟ್ಟುನಿಟ್ಟು. ಉಳಿದಂತೆ, ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಡದ ಎಷ್ಟೋ ಸಭೆಗಳಲ್ಲೂ ಅವರು ಸಾಕ್ಷಿ ಹೇಳುತ್ತಾರೆ, ಗಟ್ಟಿಯಾಗಿ ಪ್ರಾರ್ಥಿಸುತ್ತಾರೆ.

ನಿಜವಾದ ಗಂಟು 1 ತಿಮೊಥೆಯ 2:12. ಹೆಂಗಸು ಉಪದೇಶ ಮಾಡುವುದಕ್ಕೂ ಗಂಡಸಿನ ಮೇಲೆ ಅಧಿಕಾರ ನಡೆಸುವುದಕ್ಕೂ ಅಪ್ಪಣೆ ಇಲ್ಲ ಎಂದು ಅಲ್ಲಿದೆ. ತಿಮೊಥೆಯನಿದ್ದ ಎಫೆಸ ಪಟ್ಟಣದಲ್ಲಿ ಸುಳ್ಳು ಬೋಧನೆ ಹಬ್ಬಿತ್ತು, ಇದು ಆ ಊರಿಗೆ ಬರೆದದ್ದು ಎನ್ನುತ್ತದೆ ಒಂದು ಪಕ್ಷ. ಆದರೆ ಪೌಲ ಕೊಡುವ ಕಾರಣ ಊರಿನದ್ದಲ್ಲ. ಆದಾಮ ಮೊದಲು, ಹವ್ವ ಆಮೇಲೆ ಎನ್ನುತ್ತಾನೆ. ಸೃಷ್ಟಿಯ ಮಾತೇ ಬಂದ ಮೇಲೆ ಇದು ಎಲ್ಲ ಕಾಲಕ್ಕೂ ಸೇರಿದ್ದು ಎಂಬುದು ಇನ್ನೊಂದು ಪಕ್ಷದ ವಾದ. ಇದನ್ನು ಸುಮ್ನೆ ತಳ್ಳಿಹಾಕುವುದು ಕಷ್ಟ. ಆದರೆ ಅಪೊಸ್ತಲರ ಕೃತ್ಯಗಳು 18ರಲ್ಲಿ ಪ್ರಿಸ್ಕಿಲ್ಲ ಗಂಡನ ಜೊತೆ ಸೇರಿ ಅಪೊಲ್ಲೋಸನಂಥ ವಾಗ್ಮಿಗೇ ದೇವರ ಮಾರ್ಗವನ್ನು ಬಿಡಿಸಿ ಹೇಳುತ್ತಾಳೆ. ಅದೂ ಅದೇ ಎಫೆಸದಲ್ಲಿ!

ಹಾಗಾಗಿ ಎರಡೂ ಕಡೆಯವರು ಎಲ್ಲೋ ಒಂದು ಗೆರೆ ಎಳೆಯಲೇಬೇಕು. ಸಂಡೇಸ್ಕೂಲಿನಲ್ಲಿ ಪಾಠ ಹೇಳಬಹುದು, ಭಾನುವಾರದ ಪ್ರಸಂಗ ಬೇಡ ಎನ್ನುವ ಸಭೆಗಳಿವೆ. ಹಾಗಾದರೆ ಹುಡುಗ ಎಷ್ಟನೇ ವಯಸ್ಸಿಗೆ ‘ಗಂಡಸು’ ಆಗುತ್ತಾನೆ? ಪೌಲ ಹೇಳಿಲ್ಲ.

ಈ ಗೆರೆಯ ಮೇಲೆ ಜಗಳವಾಡಿದವರಲ್ಲಿ ನಮ್ಮ ಕಡೆಯ ಒಬ್ಬರಿದ್ದಾರೆ. ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿ 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅಲ್ಲಿ ಅವರು ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಇಂಗ್ಲಿಷ್ ಬಿಷಪ್ಪರು ತಕರಾರು ತೆಗೆದರು. ಭಾರತದಲ್ಲಿ ರಮಾಬಾಯಿಯ ಹೆಸರು ಕೆಡುತ್ತದಂತೆ! ಅವರು ಬಿಡಲಿಲ್ಲ. ನಾನು ಯುವಕರಿಗೆ ಕಲಿಸಿದಾಗ ನನ್ನ ತಂದೆಯಾಗಲಿ ಗಂಡನಾಗಲಿ ಬೇಡ ಅನ್ನಲಿಲ್ಲ, ನಿಮಗೇನು ಕಷ್ಟ ಎಂಬ ಅರ್ಥದಲ್ಲಿ ತಿರುಗಿ ಬರೆದರು. ಅಲ್ಲಿ ವಚನಕ್ಕಿಂತ ‘ಜನ ಏನಂದಾರು’ ಎಂಬುದೇ ಮುಂದಿತ್ತು. ಇವತ್ತಿನ ವಾದಗಳಲ್ಲೂ ಅದರ ಪಾಲು ಸಾಕಷ್ಟಿದೆ ಎಂದು ನನಗನ್ನಿಸುತ್ತದೆ.

ಕ್ಯಾಥೊಲಿಕರ ಮುಖ್ಯ ಕಾರಣ ಮೌನದ ವಚನವಲ್ಲ. ಯೇಸು ಆರಿಸಿದ ಹನ್ನೆರಡು ಮಂದಿ ಪ್ರೇಷಿತರೂ (ಅಪೊಸ್ತಲರೂ) ಗಂಡಸರು, ಅದನ್ನು ಬದಲಿಸುವ ಅಧಿಕಾರ ಧರ್ಮಸಭೆಗೇ ಇಲ್ಲ ಎಂದು 1994ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೇಳಿದರು. ಅದಕ್ಕೇ ಅಲ್ಲಿ ಸಿಸ್ಟರ್ ಕಾಲೇಜು ನಡೆಸಬಹುದು, ಬಲಿಪೂಜೆ ಅರ್ಪಿಸುವಂತಿಲ್ಲ.

ಸಿಎಸ್‌ಐ ಹುಟ್ಟಿದ್ದು 1947ರಲ್ಲಿ, ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ. ಅಲ್ಲಿ 1970ರ ದಶಕದಿಂದ ಹೆಂಗಸರಿಗೂ ದೀಕ್ಷೆ ಇದೆ. 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಎಗ್ಗೋನಿ ಪುಷ್ಪಲಲಿತಾ ಬಿಷಪ್ ಆದರು. ಸಿಎಸ್‌ಐನಲ್ಲಿ ಅವರೇ ಮೊದಲ ಮಹಿಳಾ ಬಿಷಪ್. ಇಂಗ್ಲೆಂಡಿನ ಸಭೆ (ಚರ್ಚ್ ಆಫ್ ಇಂಗ್ಲೆಂಡ್) ಹೆಂಗಸರು ಬಿಷಪ್ ಆಗಲು ಒಪ್ಪಿದ್ದು ಅದರ ಮರುವರ್ಷ, 2014ರಲ್ಲಿ.

ಯಾರು ಸರಿ ಎಂದು ಕೇಳಿದ್ದೀರಿ. ನನ್ನ ಒಲವು ಪ್ರಿಸ್ಕಿಲ್ಲಳ ಕಡೆಗೆ. ಆದರೆ ತಿಮೊಥೆಯನ ವಚನವನ್ನು ಮುಂದಿಡುವವರೆಲ್ಲ ಹೆಂಗಸರ ವೈರಿಗಳು ಎನ್ನುವುದನ್ನು ಒಪ್ಪಲಾರೆ. ಇಂಗ್ಲೆಂಡಿನವರೂ ಒಂದೇ ಉತ್ತರಕ್ಕೆ ಬಂದಿಲ್ಲ. 2025ರಲ್ಲಿ ಅಲ್ಲಿನ ಅತಿ ಹಿರಿಯ ಹುದ್ದೆಯಾದ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಸ್ಥಾನಕ್ಕೆ ಸಾರಾ ಮಲಾಲಿ ಹೆಸರು ಪ್ರಕಟವಾಯಿತು. ಆದರೂ ಹೆಂಗಸರ ದೀಕ್ಷೆಯನ್ನು ಒಪ್ಪದ ಸ್ಥಳೀಯ ಸಭೆ ಅಲ್ಲಿ ಈಗಲೂ ಗಂಡಸು ಬಿಷಪ್ಪೇ ಬೇಕೆಂದು ಕೇಳಬಹುದು.